ಖಾಸಗಿ ಸಂಖ್ಯೆ

ಏಳು ಗಂಟೆಯ ಪ್ಯಾಸೆಂಜರ್ ಕುಂಬಳೆ ಬಿಟ್ಟದ್ದು
ಫೋನು ಹೇಳುವ ಮೊದಲೇ ನನ್ನ ಹಿಮ್ಮಡಿಗೆ ಗೊತ್ತು.
ಹಳಿ ಸಣ್ಣಗೆ ಗುನುಗುತ್ತದೆ,
ಜಲ್ಲಿಯೊಳಗೆ ಯಾರೋ ಹಲ್ಲು ಕಡಿದ ಹಾಗೆ.
ಸ್ಟೇಷನ್ ಮಾಸ್ತರ ಒಂದು ಸಂಖ್ಯೆ ಹೇಳುತ್ತಾನೆ,
ನಾನೊಂದು ಹೇಳುತ್ತೇನೆ,
ಇಬ್ಬರೂ ಬರೆದುಕೊಳ್ಳುತ್ತೇವೆ.
ಗೇಟು ಹಾಕಿದೆ, ಕೀಲಿ ನನ್ನ ಕೈಯಲ್ಲಿದೆ,
ನಾನು ನಾನಾಗಿಯೇ ಇದ್ದೇನೆ
ಎಂಬುದಕ್ಕೆ ಇಲಾಖೆಗೆ ಅಷ್ಟು ಸಾಕ್ಷಿ ಸಾಕು.

ಕುಡಿತ ಬಿಡಿಸುವ ವಾರ್ಡಿನ ಹುಡುಗಿ ಹೇಳಿದ್ದಳು:
"ರೈಲು ಅಂತ ತಿಳ್ಕೊಳ್ಳಿ, ಮಾವ.
ಇಪ್ಪತ್ತು ನಿಮಿಷ. ತಡೆದು ನಿಂತರೆ ದಾಟಿ ಹೋಗ್ತದೆ."
ನಕ್ಕಿದ್ದೆ. ಅವಳು ರೈಲನ್ನು ಕಿಟಕಿಯಿಂದ ಕಂಡವಳು.
ರೈಲಿಗೆ ವೇಳಾಪಟ್ಟಿ ಉಂಟು ಮಗಳೇ,
ಬರುವ ದಿಕ್ಕು ಎರಡೇ.
ಇದು ಬಾವಿಕಟ್ಟೆಯಿಂದ ಬರುತ್ತದೆ,
ಸಂಬಳದ ದಿನ ಅಂಗಿಯ ಜೇಬಿನಿಂದ,
ಏಪ್ರಿಲಿನಲ್ಲಿ ಗುಮಟಿಯ ಹಿಂದೆ
ಗೇರುಮರದಡಿ ಬಿದ್ದು ಹುಳಿತ ಹಣ್ಣಿನ ವಾಸನೆ ಹಿಡಿದು.
ಏನೂ ಇಲ್ಲದ ದಿನ
ಏನೂ ಇಲ್ಲ ಎಂಬುದರಿಂದಲೇ ಬರುತ್ತದೆ.

ಬಾಯಿ ಒಣಗುತ್ತದೆ ಅಂತ ಎಲ್ಲರ ಲೆಕ್ಕ. ಹಾಗಲ್ಲ.
ನೀರೂರುತ್ತದೆ, ಉಪ್ಪುಪ್ಪಾಗಿ.
ಆಮೇಲೆ ಬಲಗೈಗೆ ಗ್ಲಾಸಿನ ನೆನಪು,
ಅಂಗೈ ತನ್ನಷ್ಟಕ್ಕೆ ಗುಂಡಗಾಗುತ್ತದೆ.
ಆಮೇಲೆ ಮಾತು. ಬಹಳ ವಿನಯದ ಮಾತು.
"ಇವತ್ತು ಒಂದೇ. ಅದೂ ಅರ್ಧ.
ಇಷ್ಟು ದಿನ ಬಿಟ್ಟವನಿಗೆ ಅಷ್ಟೂ ಹಕ್ಕಿಲ್ಲವೇ?"
ನನ್ನದೇ ದನಿ ಅದು,
ನನ್ನ ಅಪ್ಪನ ಕೆಮ್ಮು ಸೇರಿಸಿಕೊಂಡು.

ಆಗ ಕುಂಞಂಬುವಿಗೆ ಫೋನು.
ಮೊಗ್ರಾಲಿನಲ್ಲಿ ದೋಣಿಯ ಬಿರುಕು ಮುಚ್ಚುವವ,
ಹನ್ನೊಂದು ವರ್ಷದಿಂದ ಮುಟ್ಟದವ.
ಅವನ ಕನ್ನಡ ಅರ್ಧ, ನನ್ನ ಮಲಯಾಳ ಅರ್ಧ,
ಸುಳ್ಳು ಹೇಳಲು ಎರಡೂ ಸಾಲದು.
"ನಂಬರು?" ಎನ್ನುತ್ತಾನೆ.
ನಾನು ದಿನದ ಲೆಕ್ಕ ಹೇಳುತ್ತೇನೆ.
ಅವನದು ನಾಲ್ಕು ಸಾವಿರ ಚಿಲ್ಲರೆ.
"ಹೊಟ್ಟೆಗೆ ಏನಾದರೂ ಬಿತ್ತಾ?"
ಅವನೇ ಕಲಿಸಿದ್ದು: ಅರ್ಧ ಪಾಲು ಹಸಿವೆ,
ಕಾಲು ಪಾಲು ನಿದ್ದೆಗೇಡು,
ಉಳಿದದ್ದು ಮಾತ್ರ ಅದು. ಅಷ್ಟರ ಜೊತೆ ಹೊಡೆದಾಡಿದರೆ ಆಯಿತು.
ಹಾಗಾಗಿ ಆರೂವರೆಗೇ ಕುಚ್ಚಲಕ್ಕಿ ಗಂಜಿ,
ಮಾವಿನ ಮಿಡಿ, ಸುಟ್ಟ ಒಣಮೀನು.
ಹೊಟ್ಟೆ ತುಂಬಿದವನ ಹತ್ತಿರ
ದೆವ್ವವೂ ಚೌಕಾಶಿಗೆ ಇಳಿಯುತ್ತದೆ.

ಡ್ಯೂಟಿ ಮುಗಿಸಿ ಹೆದ್ದಾರಿ ಹಿಡಿಯುವುದಿಲ್ಲ.
ಅಲ್ಲಿ ಸರಕಾರದ ಅಂಗಡಿಯ ಮುಂದೆ ಸಾಲು.
ಏನು ಶಿಸ್ತು! ನಾಲ್ಕು ಭಾಷೆಯ ಗಂಡಸರು
ಒಬ್ಬರ ಬೆನ್ನಿಗೊಬ್ಬರು, ಯಾರ ಮುಖ ಯಾರೂ ನೋಡದೆ.
ಬೋರ್ಡು ಯಾವ ಲಿಪಿಯಲ್ಲಿದೆ ಎಂದು
ಈ ಊರಿನಲ್ಲಿ ಯಾರೂ ಜಗಳವಾಡದ ಜಾಗ ಅದೊಂದೇ.
ನಾನು ಕಡಲ ಬದಿಯಿಂದ ಹೋಗುತ್ತೇನೆ.
ಅರ್ಧ ಗಂಟೆ ಹೆಚ್ಚು, ಹೊಯಿಗೆಯಲ್ಲಿ ಕಾಲು ಹೂತು ಹೂತು.

ಬಿಸುವಿನ ದಿನ ಸೋತೆ. ಅದನ್ನೂ ಹೇಳಬೇಕು.
ದುಃಖವೇನೂ ಇರಲಿಲ್ಲ.
ಭಾವನ ಮನೆ, ಒಳ್ಳೆಯ ಊಟ, ನಗು,
ಸ್ಟೀಲಿನ ಲೋಟದಲ್ಲಿ ಯಾರೋ ಕೊಟ್ಟರು.
ಹಳಿ ಗುನುಗಲಿಲ್ಲ, ಹಿಮ್ಮಡಿಗೆ ತಿಳಿಯಲಿಲ್ಲ.
ಮರುದಿನ ಸಂಜೆ ಕುಂಞಂಬು ಕೇಳಿದ, "ನಂಬರು?"
"ಇನ್ನೂರ ಹದಿನಾಲ್ಕು" ಅಂದೆ.
ಆ ಕಡೆ ಸುತ್ತಿಗೆಯ ಸದ್ದು ನಿಂತಿತು.
ಬೈಯಲಿಲ್ಲ. "ಬರಕೊಳ್ಳಲಾ?" ಅಂದ, ಅಷ್ಟೆ.
ಸುಳ್ಳು ಸಂಖ್ಯೆ ಕೊಟ್ಟ ಗೇಟಿನಲ್ಲಿ
ಏನೇನು ಆಗಬಹುದೆಂದು
ಇಪ್ಪತ್ತಾರು ವರ್ಷದ ನೌಕರಿಗೆ ಗೊತ್ತಿಲ್ಲವೇ?
"ತಡಿ" ಅಂದೆ. "ಒಂದು. ಒಂದು ಅಂತ ಬರಿ."

ಮನೆಯ ಮೆಟ್ಟಿಲಲ್ಲಿ ಜಲಜಾಕ್ಷಿ
ಬುತ್ತಿ ಚೀಲ ತೆಗೆದುಕೊಳ್ಳುವ ನೆಪದಲ್ಲಿ
ಹತ್ತಿರ ಬಂದು ಒಮ್ಮೆ ಉಸಿರೆಳೆಯುತ್ತಾಳೆ.
ಚಪ್ಪಲಿ ಬಿಡುವ ನೆಪದಲ್ಲಿ
ನಾನೂ ಒಮ್ಮೆ, ಸಾವಕಾಶ, ಉಸಿರು ಬಿಡುತ್ತೇನೆ.